ಬೀಡಿನ ಬಾಣಲೆಯಲ್ಲಿ ಹಣ್ಣಿನ ಕಾಬ್ಲರ್: ಎಲ್ಲಿ ಕೆಟ್ಟಿತು, ಏಕೆ ಕೆಟ್ಟಿತು, ಹೇಗೆ ಸರಿಪಡಿಸುವುದು

ಕಾಬ್ಲರ್ ಎಂದರೆ ಬೆಣ್ಣೆ ಕರಗಿಸಿದ ಬೀಡಿನ (ಎರಕದ ಕಬ್ಬಿಣದ) ಬಾಣಲೆಗೆ ಹಿಟ್ಟು ಸುರಿದು, ಮೇಲೆ ಹಣ್ಣು ಹರವಿ ಓವನ್ನಿನಲ್ಲಿ ಬೇಯಿಸುವ ಸಿಹಿ ತಿನಿಸು. ಅದು ಕೆಟ್ಟರೆ ಬಹಳಷ್ಟು ಜನ ಮೊದಲು ಬಾಣಲೆಯನ್ನು ದೂರುತ್ತಾರೆ, ಆಮೇಲೆ ಮೈದಾವನ್ನು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯ ಹಣ್ಣು ಹಾಕಿ ಮಾಡುವಾಗ ತಪ್ಪು ಹೆಚ್ಚಾಗಿ ಇರುವುದು ಬೇರೆ ಕಡೆ, ಹಣ್ಣು ತನ್ನ ನೀರನ್ನು ಯಾವ ಹೊತ್ತಿಗೆ ಬಿಡುತ್ತದೆ ಎಂಬಲ್ಲಿ. ಈ ತಿನಿಸು ಅಮೆರಿಕದ ದಕ್ಷಿಣ ರಾಜ್ಯಗಳದು, ಅಲ್ಲಿ ಹಾಕುವುದು ಹೋಳು ಮಾಡಿದ ಪೀಚ್ ಹಣ್ಣು. ಪೀಚ್‌ನಲ್ಲಿ ದ್ರಾಕ್ಷಿಗಿಂತ ನೀರು ಹೆಚ್ಚೇ ಇದೆ. ಆದರೆ ಹೋಳು ಮಾಡಿದ ಹಣ್ಣು ಒಲೆಗೆ ಹೋದ ಸ್ವಲ್ಪ ಹೊತ್ತಿಗೆ ರಸ ಬಿಡುತ್ತದೆ, ಅದು ಕುದ್ದು ಇಂಗುವುದಕ್ಕೆ ಸಮಯ ಸಿಗುತ್ತದೆ. ಇಡೀ ದ್ರಾಕ್ಷಿ ಹಾಗಲ್ಲ. ಸಿಪ್ಪೆ ಅರ್ಧ ತಾಸು ತಡೆದು ಹಿಡಿದು, ಮೇಲಿನ ಹಿಟ್ಟು ಗಟ್ಟಿಯಾದ ಮೇಲೆ ಒಡೆಯುತ್ತದೆ. ಆಗ ಬಂದ ನೀರಿಗೆ ಹೊರಹೋಗಲು ದಾರಿ ಇರುವುದಿಲ್ಲ.

ಹಾಗಾಗಿ ದೋಷ ಹುಡುಕುವಾಗ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ನೀರು, ಆಮೇಲೆ ಶಾಖ, ಆಮೇಲೆ ಬೇಕಿಂಗ್ ಪೌಡರ್, ಕೊನೆಗೆ ಬಾಣಲೆ. ಒಮ್ಮೆಗೆ ಒಂದನ್ನೇ ಬದಲಿಸಿ. ಉಷ್ಣತೆ ಇಳಿಸಿ, ಹಾಲು ಕಡಿಮೆ ಮಾಡಿ, ಹಣ್ಣನ್ನೂ ಬದಲಿಸಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

ಹೋಲಿಸಿ ನೋಡಲು ಮೂಲ ಅಳತೆ

ಕೆಳಗೆ ಹೇಳುವುದೆಲ್ಲ 10 ಇಂಚಿನ ಬಾಣಲೆಯ ಲೆಕ್ಕ. 8 ಇಂಚಿನದಾದರೆ ಎಲ್ಲವನ್ನೂ ಮೂರನೇ ಎರಡು ಭಾಗಕ್ಕೆ ಇಳಿಸಿ.

ಬೆಣ್ಣೆ 100 ಗ್ರಾಂ, ಮೈದಾ 125 ಗ್ರಾಂ, ಸಕ್ಕರೆ 150 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಹಾಲು 240 ಮಿ.ಲೀ. ಬೆಣ್ಣೆಯಲ್ಲಿ ಉಪ್ಪು ಇಲ್ಲದಿದ್ದರೆ ಮಾತ್ರ ಕಾಲು ಟೀ ಚಮಚ ಉಪ್ಪು. ಹಣ್ಣು ಬಿಡಿಸಿ ಹೋಳು ಮಾಡಿದ ಮೇಲೆ 450 ಗ್ರಾಂ, ಅದಕ್ಕೆ ಬೇರೆಯಾಗಿ 50 ಗ್ರಾಂ ಸಕ್ಕರೆ, ಎರಡು ಟೀ ಚಮಚ ಲಿಂಬೆ ರಸ. ಇಂಡಿ ಸೀಮೆಯ ಲಿಂಬೆ ಆದರೆ ಒಂದೇ ಚಮಚ ಸಾಕು.

ಓವನ್ 180 ಡಿಗ್ರಿಗೆ ಕಾದ ಮೇಲೆ ಬೆಣ್ಣೆ ಹಾಕಿದ ಬಾಣಲೆಯನ್ನು ಒಳಗಿಡಿ. 5–6 ನಿಮಿಷದಲ್ಲಿ ಬೆಣ್ಣೆ ಕರಗಿ ನೊರೆ ಬರುತ್ತದೆ, ಅಷ್ಟರಲ್ಲೇ ತೆಗೆಯಿರಿ. ಮೈದಾ, ಸಕ್ಕರೆ, ಪೌಡರ್, ಹಾಲು ಕಲಸಿದ ಹಿಟ್ಟು ದೋಸೆ ಹಿಟ್ಟಿಗಿಂತ ತುಸು ತೆಳ್ಳಗಿರಬೇಕು. ಅದನ್ನು ಬೆಣ್ಣೆಯ ನಡುವೆ ಸುರಿಯಿರಿ. ಕಲಕಬೇಡಿ. ಮೇಲೆ ಹಣ್ಣನ್ನು ಚಮಚದಿಂದ ಹರವಿ, ಮತ್ತೆ ಕಲಕಬೇಡಿ. 45ರಿಂದ 50 ನಿಮಿಷ ಬೇಯಬೇಕು. ಹಿಟ್ಟು ಹಣ್ಣಿನ ಸಂದಿಯಿಂದ ತಾನೇ ಮೇಲೆದ್ದು ಬರುತ್ತದೆ, ಬೆಣ್ಣೆ ಅಂಚಿಗೆ ಸರಿದು ಅಂಚನ್ನು ಗರಿಗರಿ ಮಾಡುತ್ತದೆ. ಕಲಕಿದರೆ ಈ ಎರಡೂ ಆಗುವುದಿಲ್ಲ, ಸಿಗುವುದು ಜಿಡ್ಡಿನ ಕೇಕ್.

ಬೆಂದಿದೆಯೇ ಎಂದು ತಿಳಿಯಲು ಕಡ್ಡಿ ಚುಚ್ಚಿ ನೋಡುವುದು ಇಲ್ಲಿ ಮೋಸ ಮಾಡುತ್ತದೆ, ಏಕೆಂದರೆ ಹಣ್ಣಿಗೆ ತಾಗಿದ ಕಡ್ಡಿ ಯಾವಾಗಲೂ ಒದ್ದೆಯಾಗಿಯೇ ಬರುತ್ತದೆ. ಚುಚ್ಚಿ ನೋಡುವ ಅಡುಗೆ ಥರ್ಮಾಮೀಟರ್ ಇದ್ದರೆ ನಡುಭಾಗದ ಹಿಟ್ಟಿನಲ್ಲಿ 93–95 ಡಿಗ್ರಿ ತೋರಿಸಬೇಕು. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರೇ 97–98 ಡಿಗ್ರಿಗೆ ಕುದಿಯುತ್ತದೆ. 99 ತೋರಿಸಲಿ ಎಂದು ಕಾಯುತ್ತ ಕೂತರೆ ಅಂಚು ಸೀದು ಹೋಗುತ್ತದೆ.

ಮೇಲೆ ಕೆಂಪಾಗಿದೆ, ಒಳಗೆ ಹಸಿ

ಅತಿ ಹೆಚ್ಚು ಜನ ಕೇಳುವ ದೋಷ ಇದೇ. ಬಾಣಲೆಯನ್ನು ಸ್ವಲ್ಪ ಓರೆ ಮಾಡಿ ನೋಡಿ. ತೆಳ್ಳನೆಯ ನೀರು ಹರಿದು ಬಂದರೆ ಕಾರಣ ಹಣ್ಣು. ನೀರು ಹರಿಯದೆ ಹಿಟ್ಟೇ ಅಲುಗಾಡಿದರೆ ಕಾರಣ ಶಾಖ. ಈ ಒಂದು ಪರೀಕ್ಷೆ ಅರ್ಧ ಕೆಲಸ ಮುಗಿಸುತ್ತದೆ.

ಹಣ್ಣಿನದೇ ದೋಷ ಎಂದು ಕಂಡರೆ ಮುಂದಿನ ಸಲ ಹೀಗೆ ಅಳೆಯಿರಿ. ಹೋಳು ಮಾಡಿದ 450 ಗ್ರಾಂ ಹಣ್ಣಿಗೆ 50 ಗ್ರಾಂ ಸಕ್ಕರೆ ಬೆರೆಸಿ, ತೂತಿನ ಬುಟ್ಟಿಯಲ್ಲಿ ಹಾಕಿ ಕೆಳಗೆ ಪಾತ್ರೆ ಇಟ್ಟು ಅರ್ಧ ತಾಸು ಬಿಡಿ. ಸಕ್ಕರೆ ರಸವನ್ನು ಹೊರಗೆಳೆಯುತ್ತದೆ. ಕೆಳಗೆ ಬಿದ್ದ ರಸ 50 ಮಿ.ಲೀ. ಒಳಗಿದ್ದರೆ ಹಾಗೇ ಹಾಕಬಹುದು. ಅದಕ್ಕಿಂತ ಹೆಚ್ಚಿದ್ದರೆ ರಸವನ್ನು ಸ್ಟೀಲ್ ಪಾತ್ರೆಯಲ್ಲಿ ಮೂರು–ನಾಲ್ಕು ದೊಡ್ಡ ಚಮಚ ಉಳಿಯುವವರೆಗೆ ಕುದಿಸಿ. ಎರಡು ಟೀ ಚಮಚ ಕಾರ್ನ್‌ಫ್ಲೋರ್ ಅನ್ನು ತಣ್ಣೀರಲ್ಲಿ ಕದಡಿ ಸೇರಿಸಿ, ಒಂದು ನಿಮಿಷ ಚೆನ್ನಾಗಿ ಕುದಿಯಲಿ. ಕಾರ್ನ್‌ಫ್ಲೋರ್ ಪೂರ್ತಿ ಗಟ್ಟಿಯಾಗುವುದು ಗುಳ್ಳೆ ಏಳುವಷ್ಟು ಬಿಸಿಯಲ್ಲಿ ಮಾತ್ರ. ಲಿಂಬೆ ರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಾಕಿ, ಹುಳಿಯ ಜೊತೆ ಬಹಳ ಹೊತ್ತು ಕುದಿಸಿದರೆ ಗಟ್ಟಿಯಾದದ್ದು ಮತ್ತೆ ಸಡಿಲವಾಗುತ್ತದೆ.

ದ್ರಾಕ್ಷಿಗೆ ಬುಟ್ಟಿಯ ಪರೀಕ್ಷೆ ಸಾಲದು. ಬೀಜವಿಲ್ಲದ ಹಸಿರು ದ್ರಾಕ್ಷಿಯಾದರೂ ಪ್ರತಿಯೊಂದನ್ನೂ ಎರಡು ಹೋಳು ಮಾಡಲೇಬೇಕು. ಬೇಸರದ ಕೆಲಸ, ಆದರೆ ಇದಕ್ಕೆ ಅಡ್ಡದಾರಿ ಇಲ್ಲ. ಹೋಳುಗಳನ್ನು ಸಕ್ಕರೆಯ ಜೊತೆ ಸ್ಟೀಲ್ ಪಾತ್ರೆಯಲ್ಲಿ ನಡು ಉರಿಯ ಮೇಲೆ 6–8 ನಿಮಿಷ ಬೇಯಿಸಿ, ಬಸಿದು, ರಸವನ್ನು ಮೇಲೆ ಹೇಳಿದಂತೆ ಇಂಗಿಸಿ. ಜೊತೆಗೆ ಒಂದು ಮುಷ್ಟಿ ಒಣದ್ರಾಕ್ಷಿ ಸೇರಿಸುವುದು ಬಹಳ ಒಳ್ಳೆಯ ಉಪಾಯ. ಅದು ಉಳಿದ ರಸ ಹೀರಿಕೊಂಡು ಉಬ್ಬುತ್ತದೆ, ತಾಜಾ ದ್ರಾಕ್ಷಿ ಬೆಂದಾಗ ಕಳೆದುಕೊಳ್ಳುವ ಸ್ವಾದವನ್ನೂ ತುಂಬಿಕೊಡುತ್ತದೆ. ವಿಜಯಪುರದಲ್ಲಿ ಎರಡೂ ಒಂದೇ ಪೇಟೆಯಲ್ಲಿ ಸಿಗುತ್ತವೆ.

ಮಹಾಬಳೇಶ್ವರದಿಂದ ಬೆಳಗಾವಿಗೆ ಬರುವ ಸ್ಟ್ರಾಬೆರಿಯಲ್ಲಿ ನೂರಕ್ಕೆ 90ರಷ್ಟು ನೀರೇ ಇರುವುದರಿಂದ ಬುಟ್ಟಿಯ ಪರೀಕ್ಷೆಯನ್ನು ಬಿಡಲೇಬೇಡಿ. ಆಪೂಸ್ ಮಾವಿಗೆ ರಸದ ಸಮಸ್ಯೆ ಕಡಿಮೆ, ಆದರೆ ಪೂರ್ತಿ ಕಳಿತದ್ದು ಕರಗಿ ಹೋಗುತ್ತದೆ. ಸ್ವಲ್ಪ ಗಟ್ಟಿ ಇರುವಾಗಲೇ ಎರಡು ಸೆಂಟಿಮೀಟರ್ ಹೋಳು ಮಾಡಿ. ಪೇರಲಕ್ಕೆ ಸಮಸ್ಯೆ ಉಲ್ಟಾ: ಅದು ಬೇಯುವುದೇ ನಿಧಾನ, ಬೀಜ ತೆಗೆದು ಹೋಳುಗಳನ್ನು ಹತ್ತು ನಿಮಿಷ ಮೊದಲೇ ಬೇಯಿಸಿಕೊಳ್ಳಿ. ದಾಳಿಂಬೆ ಕಾಳು ಬೇಡ. ಬೀಜ ಬಿರುಸಾಗುತ್ತದೆ, ರಸ ಹೋಗುತ್ತದೆ. ಬೇಕಾದರೆ ಬಡಿಸುವಾಗ ಹಸಿಯಾಗಿ ಉದುರಿಸಿ.

ಇನ್ನು ಶಾಖದ ದೋಷ. ಓಟಿಜಿಯ (ಮನೆಬಳಕೆಯ ಚಿಕ್ಕ ವಿದ್ಯುತ್ ಓವನ್ನಿನ) ಗುಂಡಿ 180 ಎಂದು ತೋರಿಸಿದ ಮಾತ್ರಕ್ಕೆ ಒಳಗೆ 180 ಇರುವುದಿಲ್ಲ, ಹತ್ತಿಪ್ಪತ್ತು ಡಿಗ್ರಿ ಆಚೀಚೆ ಇರುವುದು ಸಾಮಾನ್ಯ. ಒಳಗೆ ತೂಗುಹಾಕುವ ಓವನ್ ಥರ್ಮಾಮೀಟರ್ ಒಂದನ್ನು ಕೊಂಡರೆ ಈ ಅನುಮಾನ ಶಾಶ್ವತವಾಗಿ ಹೋಗುತ್ತದೆ.

ವೋಲ್ಟೇಜನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಓವನ್ನಿನ ಕಾವಿನ ಕಡ್ಡಿಯ (ಹೀಟಿಂಗ್ ಎಲಿಮೆಂಟ್) ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟಿನಲ್ಲಿ 1500 ವಾಟ್ ಕೊಡುವ ಓಟಿಜಿ 190 ವೋಲ್ಟಿಗೆ ಬಂದರೆ ಸುಮಾರು 1020 ವಾಟ್ ಅಷ್ಟೇ ಕೊಡುತ್ತದೆ. ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ಹಳ್ಳಿಗಳ ಲೈನಿನಲ್ಲಿ ಹೀಗೆ ಇಳಿಯುವುದುಂಟು. ಗುರುತಿಸುವುದು ಸುಲಭ: ಓವನ್ನಿನ ಕೆಂಪು ದೀಪ ಒಮ್ಮೆಯೂ ಆರದಿದ್ದರೆ ಒಳಗೆ ನೀವು ಇಟ್ಟ ಉಷ್ಣತೆ ಬಂದೇ ಇಲ್ಲ. ದೀಪ ಒಮ್ಮೆ ಆರಿ ಮತ್ತೆ ಹತ್ತುವವರೆಗೆ ಬಾಣಲೆ ಒಳಗಿಡಬೇಡಿ. ಹತ್ತು ಇಂಚಿನ ಬೀಡಿನ ಬಾಣಲೆ ಎರಡು ಕಿಲೋಗಿಂತ ಹೆಚ್ಚು ತೂಗುತ್ತದೆ. ಕಾವು ಸಾಲದ ಓವನ್ನಿಗೆ ತಣ್ಣನೆಯ ಬಾಣಲೆ ಇಟ್ಟರೆ ಬಂದ ಶಾಖವನ್ನೆಲ್ಲ ಮೊದಲು ಅದೇ ನುಂಗುತ್ತದೆ, ಹಿಟ್ಟಿಗೆ ಉಳಿಯುವುದಿಲ್ಲ.

ಈಗಾಗಲೇ ಒಲೆಯಿಂದ ತೆಗೆದದ್ದು ಹಸಿ ಇದ್ದರೆ ಬಿಸಾಡಬೇಡಿ. ಮೇಲೆ ಅಲ್ಯುಮಿನಿಯಂ ಹಾಳೆ ಸಡಿಲವಾಗಿ ಮುಚ್ಚಿ 160 ಡಿಗ್ರಿಯಲ್ಲಿ ಇನ್ನೂ 15 ನಿಮಿಷ ಇಡಿ. ಹಿಟ್ಟು ಬೆಂದು ರಸ ಮಾತ್ರ ತೆಳ್ಳಗಿದ್ದರೆ ಅರ್ಧ ತಾಸು ಸುಮ್ಮನೆ ಬಿಡಿ, ಆರಿದಂತೆ ಗಟ್ಟಿಯಾಗುತ್ತದೆ. ಬಿಸಿಬಿಸಿ ಬಡಿಸಿ ನೀರಾಯಿತು ಎನ್ನುವವರಲ್ಲಿ ಅನೇಕರಿಗೆ ದೋಷವೇ ಇರುವುದಿಲ್ಲ, ಅವಸರ ಇರುತ್ತದೆ.

ತಳ ಸೀದಿದೆ, ಮೇಲೆ ಬಿಳಚಿದೆ

ಬೀಡು ಶಾಖವನ್ನು ಹಿಡಿದಿಡುವುದರಲ್ಲಿ ಗಟ್ಟಿ, ಹರಡುವುದರಲ್ಲಿ ನಿಧಾನ. ಅಲ್ಯುಮಿನಿಯಂ ಹರಡುವುದರ ಸುಮಾರು ಕಾಲು ಭಾಗ ಮಾತ್ರ ಹರಡುತ್ತದೆ. ಬೆಳಗಾವಿಯ ಉದ್ಯಮಬಾಗಿನ ಫೌಂಡ್ರಿಗಳಲ್ಲಿ ಕೆಲಸ ಮಾಡುವವರಿಗೆ ಇದು ಹೊಸ ವಿಷಯವಲ್ಲ. ಅಡುಗೆಮನೆಯಲ್ಲಿ ಇದರ ಅರ್ಥ: ಗ್ಯಾಸ್ ಉರಿಯ ಮೇಲೆ ಬೆಣ್ಣೆ ಕರಗಿಸಿದರೆ ಉರಿ ತಾಗಿದ ಬಳೆಯಷ್ಟು ಜಾಗ ಕೆಂಡವಾಗಿ, ಅಂಚು ಬರೀ ಬೆಚ್ಚಗಿರುತ್ತದೆ. ಹಿಟ್ಟು ಆ ಬಳೆಯ ಮೇಲೆ ಸೀಯುತ್ತದೆ. ಕತ್ತರಿಸಿದಾಗ ತಳದ ಕಪ್ಪು ಉಂಗುರದ ಆಕಾರದಲ್ಲಿದ್ದರೆ ಕಾರಣ ಇದೇ. ಬೆಣ್ಣೆಯನ್ನು ಓವನ್ನಿನಲ್ಲೇ ಕರಗಿಸಿ.

ಕಪ್ಪು ಎಲ್ಲೆಡೆ ಸಮನಾಗಿದ್ದರೆ ಬಾಣಲೆ ಕೆಳಗಿನ ಕಡ್ಡಿಗೆ ತೀರಾ ಹತ್ತಿರ ಇದೆ. ಚಿಕ್ಕ ಓಟಿಜಿಯಲ್ಲಿ ಅಗಲದ ಬಾಣಲೆ ಇಟ್ಟರೆ ಇಡೀ ಜಾಲರಿಯನ್ನು ಮುಚ್ಚಿಬಿಡುತ್ತದೆ. ಕೆಳಗಿನ ಬಿಸಿ ಗಾಳಿ ಮೇಲೆ ಬರದೆ ತಳ ಸೀದು ಮೇಲ್ಭಾಗ ಬಿಳಚುತ್ತದೆ. ಸುತ್ತಲೂ ಕನಿಷ್ಠ ಎರಡು ಬೆರಳು ಜಾಗ ಬೇಕು. ಕೊಳ್ಳುವ ಮೊದಲು ಬಾಣಲೆಯ ಅಗಲ ಅಳೆದರೆ ಸಾಲದು, ಹಿಡಿಕೆಯನ್ನೂ ಸೇರಿಸಿ ಅಳೆಯಿರಿ. ಹತ್ತು ಇಂಚಿನ ಬಾಣಲೆ ಹಿಡಿಕೆ ಸಮೇತ 40 ಸೆಂಟಿಮೀಟರ್ ಹತ್ತಿರ ಹೋಗುತ್ತದೆ, ಬಾಗಿಲು ಮುಚ್ಚುವುದಿಲ್ಲ. ಸಣ್ಣ ಓವನ್ನಿಗೆ 8 ಇಂಚಿನದೇ ಸರಿ, ಅಥವಾ ಎರಡು ಕಡೆ ಗಿಡ್ಡ ಕಿವಿ ಇರುವಂಥದ್ದು. ಜಾಲರಿಯನ್ನು ನಡುವಿನ ಮೆಟ್ಟಿಲಲ್ಲಿ ಇಟ್ಟು, ಕೊನೆಯ ಐದು ನಿಮಿಷ ಮೇಲಿನ ಕಡ್ಡಿ ಮಾತ್ರ ಹಚ್ಚಿದರೆ ಬಣ್ಣ ಬರುತ್ತದೆ.

ಸಕ್ಕರೆಯ ಬದಲು ಬೆಲ್ಲ ಹಾಕಿದ್ದೀರಾ? ಮಹಾಲಿಂಗಪುರದ ಒಳ್ಳೆಯ ಬೆಲ್ಲ ಇದಕ್ಕೆ ಸೊಗಸಾದ ಸ್ವಾದ ಕೊಡುತ್ತದೆ, ಆದರೆ ಸಕ್ಕರೆಗಿಂತ ಬೇಗ ಕೆಂಪಾಗಿ ಬೇಗ ಸೀಯುತ್ತದೆ. ಉಷ್ಣತೆಯನ್ನು 170ಕ್ಕೆ ಇಳಿಸಿ. ಬೆಲ್ಲವನ್ನು ಬಿಸಿ ಹಾಲಿಗೆ ಹಾಕಿದರೆ ಹಾಲು ಒಡೆಯುವುದು ಎಲ್ಲರಿಗೂ ಗೊತ್ತು. ಇಲ್ಲಿ ಪುಡಿ ಮಾಡಿ ತಣ್ಣನೆಯ ಹಾಲಿನಲ್ಲಿ ಕರಗಿಸಿ, ಸೋಸಿ ಬಳಸಿ. ನಮ್ಮ ಮಟ್ಟಿಗೆ ಹಿಟ್ಟಿಗೆ ಸಕ್ಕರೆ, ಹಣ್ಣಿಗೆ ಬೆಲ್ಲ ಎಂದು ಹಂಚಿದರೆ ಎರಡರ ಗುಣವೂ ಸಿಗುತ್ತದೆ, ತಳವೂ ಉಳಿಯುತ್ತದೆ.

ಹಿಟ್ಟು ಮೇಲೇಳಲಿಲ್ಲ

ಅರ್ಧ ಟೀ ಚಮಚ ಬೇಕಿಂಗ್ ಪೌಡರನ್ನು ಅರ್ಧ ಕಪ್ ಬಿಸಿ ನೀರಿಗೆ ಹಾಕಿ. ಭರ್ರನೆ ನೊರೆ ಏಳಬೇಕು. ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದರೆ ಡಬ್ಬಿಯನ್ನು ಬಿಸಾಡಿ. ಬೆಳಗಾವಿಯ ಮಳೆಗಾಲದಲ್ಲಿ ಸರಿಯಾಗಿ ಮುಚ್ಚದ ಡಬ್ಬಿ ಗಾಳಿಯ ತೇವ ಹೀರಿ ಒಳಗೊಳಗೇ ಸತ್ವ ಕಳೆದುಕೊಳ್ಳುತ್ತದೆ. ವಿಜಯಪುರದ ಒಣ ಹವೆಯಲ್ಲಿ ಅದೇ ಡಬ್ಬಿ ಹೆಚ್ಚು ದಿನ ಬರುತ್ತದೆ.

ಪೌಡರ್ ಚೆನ್ನಾಗಿದ್ದೂ ಏಳದಿದ್ದರೆ ಎರಡು ಕಾರಣ ನೋಡಿ. ಹಿಟ್ಟು ಕಲಸಿ ಬಹಳ ಹೊತ್ತು ಇಟ್ಟಿರಬಹುದು. ಹಾಲು ತಾಗಿದ ಕೂಡಲೇ ಒಂದಿಷ್ಟು ಅನಿಲ ಹೊರಡುವುದರಿಂದ ಬೆಣ್ಣೆ ಕರಗಿದ ಮೇಲೆಯೇ ಹಾಲು ಬೆರೆಸಿ. ಇಲ್ಲವೇ ಗಂಟು ಒಡೆಯಲೆಂದು ಜೋರಾಗಿ ತಿರುವಿರಬಹುದು. ಆಗ ಮೈದಾದ ಅಂಟು ಎಳೆಯಾಗಿ ಬಿಗಿಯುತ್ತದೆ, ಆರಿದ ಮೇಲೆ ಮೇಲ್ಪದರ ರಬ್ಬರಿನ ಹಾಗೆ ಬಿರುಸಾಗುತ್ತದೆ. ಸಣ್ಣ ಗಂಟುಗಳು ಇದ್ದರೆ ಇರಲಿ, ಬೇಯುವಾಗ ಕರಗುತ್ತವೆ.

ಅಂಗಡಿಯಲ್ಲಿ ಬರೀ ಸೋಡಾ ಎಂದು ಕೇಳಿದರೆ ತಿನ್ನುವ ಸೋಡಾ ಕೊಡುತ್ತಾರೆ, ಅದು ಬೇಕಿಂಗ್ ಪೌಡರ್ ಅಲ್ಲ. ಒಂದೂವರೆ ಚಮಚ ಸೋಡಾ ಬಿದ್ದ ಕಾಬ್ಲರಿನಲ್ಲಿ ಸಾಬೂನಿನ ರುಚಿ, ಹಳದಿ ಚುಕ್ಕೆ, ಅತಿಯಾದ ಕಪ್ಪು ಬಣ್ಣ ಕಾಣುತ್ತವೆ, ಅದನ್ನು ಉಳಿಸುವ ದಾರಿ ಇಲ್ಲ. ಸೋಡಾ ಮಾತ್ರ ಇದ್ದರೆ ಹಾಲಿನ ಬದಲು ಒಂದು ಕಪ್ ಹುಳಿ ಮಜ್ಜಿಗೆ ತೆಗೆದುಕೊಂಡು ಅರ್ಧ ಟೀ ಚಮಚ ಸೋಡಾ ಹಾಕಿ. ಹುಳಿ ಸಾಲದ ಮಜ್ಜಿಗೆಯಲ್ಲಿ ಇದೂ ಏಳುವುದಿಲ್ಲ.

ಗೋಧಿ ಹಿಟ್ಟಿನಲ್ಲಿ ಮಾಡುವವರು ಎರಡು ದೊಡ್ಡ ಚಮಚ ಹಾಲು ಹೆಚ್ಚಿಸಿ, ಕಲಸಿ ಐದು ನಿಮಿಷ ಬಿಟ್ಟು ಪೌಡರನ್ನು ಕೊನೆಗೆ ಸೇರಿಸಿ. ಜೋಳದ ಹಿಟ್ಟು ಹಾಕುವ ಆಸೆ ಇದ್ದರೆ ಮೈದಾದ ಕಾಲು ಭಾಗ ಮೀರಬೇಡಿ. ಜೋಳದಲ್ಲಿ ಅಂಟು ಇಲ್ಲದ ಕಾರಣ ಹೆಚ್ಚಾದರೆ ಪುಡಿಪುಡಿಯಾಗಿ ಉದುರುತ್ತದೆ.

ಕಹಿ ಬಂದಿದೆ

ಅನಾನಸ್ ಅಥವಾ ಪಪ್ಪಾಯಿ ಹಸಿಯಾಗಿ ಹಾಕಿದ್ದರೆ ಕಾರಣ ಅದೇ. ಅವುಗಳಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ತುಂಡರಿಸಿ ಕಹಿ ತರುತ್ತದೆ. ಹೋಳುಗಳನ್ನು ಸಕ್ಕರೆಯ ಜೊತೆ ಐದಾರು ನಿಮಿಷ ಚೆನ್ನಾಗಿ ಕುದಿಸಿದರೆ ಕಿಣ್ವ ಸಾಯುತ್ತದೆ.

ಹಣ್ಣು ಕಪ್ಪಾಗಿದೆ, ಕಬ್ಬಿಣದ ರುಚಿ ಬರುತ್ತಿದೆ

ಇದು ಮಾತ್ರ ನಿಜವಾಗಿ ಬಾಣಲೆಯ ದೋಷ. ಎಣ್ಣೆ ಕಾದು ಗಟ್ಟಿಯಾಗಿ ಕಬ್ಬಿಣಕ್ಕೆ ಅಂಟಿದ ಕಪ್ಪು ಪದರವೇ ಬಾಣಲೆಯ ಪಳಗಿದ ಮೈ. ಅದು ಸವೆದ ಕಡೆ ಹುಳಿ ನೇರವಾಗಿ ಕಬ್ಬಿಣವನ್ನು ಕರಗಿಸುತ್ತದೆ. ನೇರಳೆ, ಅರೆಗಳಿತ ಚಿಕ್ಕು, ಪೇರಲದ ಸಿಪ್ಪೆ ಇಂಥ ಒಗರು ಹಣ್ಣುಗಳು ಆ ಕಬ್ಬಿಣದ ಜೊತೆ ಸೇರಿ ಮಸಿಗಪ್ಪು ಬಣ್ಣ ತರುತ್ತವೆ. ಚಿಕ್ಕು ಹಾಕುವುದಾದರೆ ಪೂರ್ತಿ ಕಳಿತದ್ದೇ ಇರಲಿ, ಹಣ್ಣಿನ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ.

ಪರೀಕ್ಷೆ: ಬಾಣಲೆಯ ಒಳಗೆ ಒಂದು ಚಮಚ ಲಿಂಬೆ ರಸವನ್ನು ಹತ್ತು ನಿಮಿಷ ಬಿಟ್ಟು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಕಂದು ಅಥವಾ ಬೂದು ಬಣ್ಣ ಹತ್ತಿದರೆ ಬಾಣಲೆಯನ್ನು ಮತ್ತೆ ಪಳಗಿಸಬೇಕು. ಬಟ್ಟೆ ಹಾಗೇ ಇದ್ದರೆ ಬಾಣಲೆಯ ತಪ್ಪಿಲ್ಲ, ಬೆಂದದ್ದನ್ನು ಅದರಲ್ಲೇ ರಾತ್ರಿಯಿಡೀ ಬಿಟ್ಟಿದ್ದೀರೋ ಏನೋ ನೋಡಿ. ಬಡಿಸಿ ಉಳಿದದ್ದನ್ನು ಎರಡು ತಾಸಿನೊಳಗೆ ಗಾಜಿನ ಅಥವಾ ಸ್ಟೀಲಿನ ಡಬ್ಬಿಗೆ ತೆಗೆದಿಡಬೇಕು.

ಪಳಗಿಸಲು ಈ ಭಾಗದಲ್ಲಿ ಸಿಗುವ ಕುಸುಬಿ ಎಣ್ಣೆ ಬಹಳ ಚೆನ್ನಾಗಿ ಒದಗುತ್ತದೆ. ಅದು ಬೇಗ ಒಣಗಿ ಗಟ್ಟಿಯಾಗುವ ಜಾತಿಯ ಎಣ್ಣೆ. ಶೇಂಗಾ ಎಣ್ಣೆ ಅಷ್ಟು ಗಟ್ಟಿಯಾಗುವುದಿಲ್ಲ, ಜಿಗುಟು ಉಳಿಯುತ್ತದೆ. ಅಗಸಿ ಎಣ್ಣೆ ಗಾಜಿನಷ್ಟು ಗಟ್ಟಿ ಪದರ ಕೊಡುತ್ತದೆ, ಆದರೆ ಕಾಲ ಕಳೆದಂತೆ ಹೊಪ್ಪಳೆಯಾಗಿ ಏಳುವ ಸ್ವಭಾವ ಅದಕ್ಕಿದೆ. ತುಕ್ಕು ಇದ್ದರೆ ತಂತಿಯ ಬುರುಸಿನಿಂದ ಪೂರ್ತಿ ಉಜ್ಜಿ ತೊಳೆದು, ಒಲೆಯ ಮೇಲೆ ಒಣಗಿಸಿ. ಬೆಚ್ಚಗಿರುವಾಗ ಒಳಗೂ ಹೊರಗೂ ಎಣ್ಣೆ ಸವರಿ, ಆಮೇಲೆ ಒಣ ಬಟ್ಟೆಯಿಂದ ಎಣ್ಣೆಯೇ ಇಲ್ಲವೇನೋ ಅನ್ನಿಸುವಷ್ಟು ಒರೆಸಿ. ಬೋರಲಾಗಿ ಓವನ್ನಿನಲ್ಲಿ 230 ಡಿಗ್ರಿಗೆ ಒಂದು ತಾಸು ಇಟ್ಟು ಅಲ್ಲೇ ಆರಲು ಬಿಡಿ. ಹೀಗೆ ಮೂರು–ನಾಲ್ಕು ಸುತ್ತು. ಹೊಗೆ ಬರುತ್ತದೆ, ಕಿಟಕಿ ತೆರೆದಿರಲಿ. ಎಣ್ಣೆ ದಪ್ಪವಾದರೆ ಪದರ ಅಂಟಂಟಾಗಿ ಉಳಿಯುತ್ತದೆ, ಆಗ ಮತ್ತೆ ಉಜ್ಜಿ ಮೊದಲಿನಿಂದ ಶುರು ಮಾಡಬೇಕು.

ಸಂತೆಯಲ್ಲಿ ಕೊಂಡ ಹೊಸ ಬಾಣಲೆಯನ್ನು ಗಂಜಿಯಲ್ಲಿ ನೆನೆಸಿಡುವ ರೂಢಿ ಇದೆ. ಅದು ಮೇಲಿನ ಮಸಿ, ಮರಳಿನ ಪುಡಿ ಬಿಡಿಸಲು ಸಹಾಯ ಮಾಡುತ್ತದೆ. ಕಾಬ್ಲರಿಗೆ ಬೇಕಾದ ಪದರ ಮಾತ್ರ ಎಣ್ಣೆ ಕಾಯಿಸಿದಾಗಲೇ ಬರುವುದು.

ಒಗ್ಗರಣೆ ವಾಸನೆ, ತಳಕ್ಕೆ ಅಂಟುವುದು

ದಿನಾ ಬೆಳ್ಳುಳ್ಳಿ, ಸಾಸಿವೆ ಹಾಕುವ ಬಾಣಲೆಯಲ್ಲಿ ಮಾಡಿದರೆ ಹಣ್ಣಿಗೆ ಆ ವಾಸನೆ ಹತ್ತುತ್ತದೆ. ವಾಸನೆ ಕೂತಿರುವುದು ಪಳಗಿದ ಪದರದಲ್ಲಲ್ಲ, ಅದರ ಮೇಲೆ ಗಟ್ಟಿಯಾಗದೆ ಉಳಿದ ಹಳೆಯ ಎಣ್ಣೆಯಲ್ಲಿ. ಸ್ವಲ್ಪ ಪಾತ್ರೆ ಸಾಬೂನಿನಿಂದ ತೊಳೆದು, ಖಾಲಿ ಬಾಣಲೆಯನ್ನು 200 ಡಿಗ್ರಿಯಲ್ಲಿ ಅರ್ಧ ತಾಸು ಇಟ್ಟರೆ ಹೋಗುತ್ತದೆ. ಸಾಬೂನು ತಾಗಿದರೆ ಪದರ ಹೋಗುತ್ತದೆಂಬ ಹೆದರಿಕೆ ಬೇಡ, ರಾತ್ರಿಯಿಡೀ ನೀರಲ್ಲಿ ನೆನೆಸುವುದು ಮಾತ್ರ ಕೂಡದು.

ಅಂಟುವುದಕ್ಕೆ ಸಾಮಾನ್ಯ ಕಾರಣ ಬೆಣ್ಣೆ ಕಡಿಮೆ ಮಾಡಿದ್ದು. 80 ಗ್ರಾಮಿಗಿಂತ ಕೆಳಗೆ ಇಳಿದರೆ ಅಂಚಿಗೆ ಬೆಣ್ಣೆ ಸಾಲದು. ಬದಲಿಗೆ ತುಪ್ಪ ಹಾಕುವವರು 80 ಗ್ರಾಂ ತೆಗೆದುಕೊಳ್ಳಿ, ಬೆಣ್ಣೆಯಲ್ಲಿರುವ ನೀರು ಅದರಲ್ಲಿ ಇರುವುದಿಲ್ಲ. ಕಾಬ್ಲರಿನ ಮೇಲೆ ಬೆಣ್ಣೆಯ ಮಡು ನಿಂತಿದ್ದರೆ ಹಿಟ್ಟು ತೀರಾ ಗಟ್ಟಿಯಾಗಿತ್ತು ಅಥವಾ ಹಾಲು ಫ್ರಿಜ್ಜಿನಿಂದ ತೆಗೆದ ಕೂಡಲೇ ಹಾಕಿದ್ದೀರಿ. ತಣ್ಣನೆಯ ಹಿಟ್ಟು ತಾಗಿ ಬೆಣ್ಣೆ ಅಲ್ಲಲ್ಲೇ ಗಡ್ಡೆ ಕಟ್ಟುತ್ತದೆ.

ಓವನ್ ಇಲ್ಲದೆ ಮಾಡಿದಾಗ

ಗ್ಯಾಸಿನ ಮೇಲೆ ಮುಚ್ಚಿ ಬೇಯಿಸಿದರೆ ಹಬೆ ಮುಚ್ಚಳದಿಂದ ತೊಟ್ಟಿಕ್ಕಿ ಮೇಲ್ಭಾಗ ಇಡ್ಲಿಯಂತೆ ಮೆತ್ತಗೇ ಉಳಿಯುತ್ತದೆ. ಮುಚ್ಚಳದ ಒಳಗೆ ಬಟ್ಟೆ ಬಿಗಿದು ಅದರ ತುದಿಗಳನ್ನು ಉರಿಗೆ ತಾಗದಂತೆ ಮೇಲೆ ಕಟ್ಟಿದರೆ ತೊಟ್ಟಿಕ್ಕುವುದು ನಿಲ್ಲುತ್ತದೆ, ಬಣ್ಣ ಮಾತ್ರ ಬರುವುದಿಲ್ಲ. ಬಾಣಲೆಯ ಕೆಳಗೆ ಹಳೆಯ ರೊಟ್ಟಿ ಹಂಚು ಇಟ್ಟು ಸಣ್ಣ ಉರಿಯಲ್ಲಿ ಬೇಯಿಸಿ, ಇಲ್ಲದಿದ್ದರೆ ಮೇಲೆ ಹೇಳಿದ ಉಂಗುರ ಖಂಡಿತ.

ಕೆಂಡದ ಒಲೆ ಇದ್ದವರ ಕಾಬ್ಲರ್ ಗ್ಯಾಸಿನದಕ್ಕಿಂತ ಚೆನ್ನಾಗಿ ಬರುತ್ತದೆ. ಚಪ್ಪಟೆ ಕಬ್ಬಿಣದ ಮುಚ್ಚಳ ಹಾಕಿ ಕೆಂಡದ ಮೂರನೇ ಒಂದು ಭಾಗ ಕೆಳಗೆ, ಎರಡು ಭಾಗ ಮುಚ್ಚಳದ ಮೇಲೆ ಹರಡಿ. ಹದಿನೈದು ನಿಮಿಷಕ್ಕೊಮ್ಮೆ ಬಾಣಲೆಯನ್ನು ಕಾಲು ಸುತ್ತು ತಿರುಗಿಸಿ, 35 ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿ. ಎತ್ತುವಾಗ ಬೂದಿ ಒಳಗೆ ಬೀಳದಂತೆ ಮುಚ್ಚಳವನ್ನು ಓರೆ ಮಾಡದೆ ನೇರವಾಗಿ ಮೇಲೆತ್ತಿ. ತಳ ಸೀಯುವ ವಾಸನೆ ಬಂದರೆ ಕೆಳಗಿನ ಕೆಂಡವನ್ನು ಪೂರ್ತಿ ತೆಗೆದುಬಿಡಿ. ಬೀಡಿನಲ್ಲಿ ಉಳಿದ ಕಾವೇ ಮುಂದಿನ ಹತ್ತು ನಿಮಿಷಕ್ಕೆ ಸಾಕಾಗುತ್ತದೆ.